18 ವಾಟ್‌ನ ಗಿಟಾರ್ ಆಂಪ್ಲಿಫೈಯರ್‌ಗೆ ವಾಲ್ವ್ ಆಯ್ಕೆ: ಯಾವ ಸಾಕೆಟ್ಟಿಗೆ ಹಳೆಯದು, ಯಾವುದಕ್ಕೆ ಹೊಸದು

ಗಿಟಾರ್ ಆಂಪ್ಲಿಫೈಯರ್ ಕಟ್ಟುವವರಲ್ಲಿ ವಾಲ್ವ್‌ಗಳ (ವಿದ್ಯುತ್ ಹರಿವನ್ನು ನಿಯಂತ್ರಿಸುವ ಗಾಜಿನ ನಿರ್ವಾತ ನಳಿಕೆಗಳ) ಕುರಿತು ನಡೆಯುವ ಮಾತುಕತೆ ಹೆಚ್ಚಾಗಿ ಕಂಪನಿಯ ಹೆಸರಿನಲ್ಲಿ ಆರಂಭವಾಗಿ ಅಲ್ಲೇ ಮುಗಿಯುತ್ತದೆ. ಮಲ್ಲಾರ್ಡ್ ಒಳ್ಳೆಯದು, ಟೆಲಿಫುಂಕನ್ ಇನ್ನೂ ಒಳ್ಳೆಯದು, ಈಗ ತಯಾರಾಗುವ ಯಾವುದೂ ಅವುಗಳ ಸಮಕ್ಕೆ ಬರುವುದಿಲ್ಲ ಎಂಬ ಅಭಿಪ್ರಾಯವನ್ನು ನಾನೂ ಬಹಳ ಕಾಲ ಕೇಳುತ್ತ ಬಂದಿದ್ದೇನೆ. ಈಚೆಗೆ ಬೆಂಗಳೂರಿನ ಮನೆಯಲ್ಲಿ 18 ವಾಟ್‌ನ ಒಂದು ಆಂಪ್ಲಿಫೈಯರ್ ಕಟ್ಟಿದಾಗ, ಪ್ರತಿ ಸಾಕೆಟ್ಟಿಗೂ ಹಳೆಯ ವಾಲ್ವ್ ಸೂಕ್ತವೋ ಹೊಸದು ಸೂಕ್ತವೋ ಎಂಬುದನ್ನು ಮೀಟರ್ ಹಿಡಿದು ನೋಡಿಯೇ ತೀರ್ಮಾನಿಸಿದೆ. ಆ ಅಳತೆಗಳನ್ನು, ಅವು ನನ್ನನ್ನು ಕರೆದೊಯ್ದ ನಿರ್ಧಾರಗಳ ಸಮೇತ ಇಲ್ಲಿ ಬರೆದಿಡುತ್ತಿದ್ದೇನೆ.

ಸರ್ಕ್ಯೂಟ್‌ಗೆ ಮೂಲ 1960ರ ದಶಕದ ನಡುಭಾಗದಲ್ಲಿ ಇಂಗ್ಲೆಂಡಿನ ಮಾರ್ಷಲ್ ಕಂಪನಿ ತಯಾರಿಸಿದ 18 ವಾಟ್‌ನ ಕಾಂಬೊ, ಅಂದರೆ ಸ್ಪೀಕರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿದ ಆಂಪ್ಲಿಫೈಯರ್. ಅದರ ಮಾದರಿ ಸಂಖ್ಯೆಯೇ 1974, ಅದು ಇಸವಿಯಲ್ಲ. ಮೂಲದಲ್ಲಿದ್ದ ಟ್ರೆಮೊಲೊ (ಧ್ವನಿಯನ್ನು ಅಲೆಯಂತೆ ಏರಿಳಿಸುವ) ವಿಭಾಗವನ್ನು ಕೈಬಿಟ್ಟು, ಮೊದಲ ಹಂತಕ್ಕೆ ಒಂದು ಇಸಿಸಿ83, ಫೇಸ್ ಇನ್ವರ್ಟರ್‌ಗೆ (ಸಿಗ್ನಲ್ಲನ್ನು ಒಂದಕ್ಕೊಂದು ವಿರುದ್ಧವಾದ ಎರಡು ಪ್ರತಿಗಳಾಗಿಸುವ ಹಂತಕ್ಕೆ) ಇನ್ನೊಂದು ಇಸಿಸಿ83, ಔಟ್‌ಪುಟ್‌ಗೆ ಆ ಎರಡು ಪ್ರತಿಗಳನ್ನು ಹೊರುವ ಪುಶ್‌ಪುಲ್ ಜೋಡಣೆಯಲ್ಲಿ ಎರಡು ಇಎಲ್84, ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ಆಗಿ ಒಂದು ಇಜೆಡ್81 ಬಳಸಿದ್ದೇನೆ. ಐದೂ ಒಂಬತ್ತು ಪಿನ್ನಿನವು. ಐದಕ್ಕೂ ಸೆರಾಮಿಕ್ ಸಾಕೆಟ್ ಹಾಕಿದೆ. ವಾಲ್ವ್‌ನೊಳಗೆ ಕ್ಯಾಥೋಡಿನಿಂದ ಆನೋಡಿಗೆ ಹರಿಯುವ ಎಲೆಕ್ಟ್ರಾನುಗಳನ್ನು ನಡುವಿನ ಗ್ರಿಡ್ ಹಿಡಿತದಲ್ಲಿಡುತ್ತದೆ; ಸಿಗ್ನಲ್ ಇಲ್ಲದಾಗ ಎಷ್ಟು ಕರೆಂಟ್ ಹರಿಯಬೇಕೆಂದು ನಿಗದಿ ಮಾಡುವ ವೋಲ್ಟೇಜೇ ಬಯಾಸ್. ಔಟ್‌ಪುಟ್ ಜೋಡಿಗೆ ಅದು ಒಂದೇ ಕ್ಯಾಥೋಡ್ ರೆಸಿಸ್ಟರಿನ ಮೂಲಕ ದೊರೆಯುತ್ತದೆ. ಸ್ಪೀಕರ್ 12 ಇಂಚಿನದು, ಆಂಪ್ಲಿಫೈಯರ್ ಇರುವ ಪೆಟ್ಟಿಗೆಯಲ್ಲೇ ಕೂತಿದೆ. ಈ ಕೊನೆಯ ಅಂಶ ವಾಲ್ವ್ ಆಯ್ಕೆಯಲ್ಲಿ ಎಷ್ಟು ಮುಖ್ಯವಾಯಿತು ಎಂಬುದು ಮುಂದೆ ಬರುತ್ತದೆ.

ಪರೀಕ್ಷೆಗೆ ನನ್ನ ಬಳಿ ಇದ್ದ ವಾಲ್ವ್‌ಗಳಲ್ಲಿ ಬಿಇಎಲ್‌ನವೇ ಹೆಚ್ಚು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಬೆಂಗಳೂರಿನ ಜಾಲಹಳ್ಳಿಯ ತನ್ನ ಕಾರ್ಖಾನೆಯಲ್ಲಿ 1961ರಿಂದ ರೇಡಿಯೊ ವಾಲ್ವ್‌ಗಳನ್ನು ತಯಾರಿಸತೊಡಗಿತು. ಮನೆಮನೆಯಲ್ಲಿ ವಾಲ್ವ್ ರೇಡಿಯೊ ಇದ್ದ ಕಾಲದಲ್ಲಿ ದುರಸ್ತಿ ಅಂಗಡಿಗಳ ಕಪಾಟುಗಳಲ್ಲಿ ಆ ಪುಟ್ಟ ರಟ್ಟಿನ ಪೆಟ್ಟಿಗೆಗಳು ಸಾಲಾಗಿರುತ್ತಿದ್ದವು, ಮತ್ತು ಅಂಥ ಕಪಾಟುಗಳ ಉಳಿಕೆ ಎಸ್.ಪಿ. ರಸ್ತೆಯ ಹಳೆಯ ಅಂಗಡಿಗಳಲ್ಲಿಯೂ ಮುಚ್ಚಿಹೋದ ರೇಡಿಯೊ ರಿಪೇರಿಯವರ ಮನೆಗಳಲ್ಲಿಯೂ ಹುಡುಕುವವರಿಗೆ ಈಗಲೂ ಸಿಗುತ್ತದೆ. ಹಾಗೆ ಕೂಡಿಟ್ಟ ಇಎಲ್84 ಮತ್ತು ಇಸಿಸಿ83ಗಳ ಜೊತೆಗೆ ಒಂದು ಹಳೆಯ ಮಲ್ಲಾರ್ಡ್ ಇಸಿಸಿ83, ಸ್ಲೊವಾಕಿಯದ ಚಾಡ್ಸಾದಲ್ಲಿ ತಯಾರಾಗುವ ಜೆಜೆ ಕಂಪನಿಯ ಹೊಸ ಇಸಿಸಿ83 ಮತ್ತು ಇಎಲ್84, ರಷ್ಯದಿಂದ ಬರುವ ಸೊವ್‌ಟೆಕ್ ಇಎಲ್84ಎಂ ಜೋಡಿ ನನ್ನಲ್ಲಿದ್ದವು.

ಹಳೆಯ ವಾಲ್ವ್ ಕೊಳ್ಳುವವರು ಗಾಜಿನ ಮೇಲಿನ ಬಣ್ಣದ ಅಚ್ಚನ್ನು ನಂಬಬಾರದು. ಆ ಬಣ್ಣ ಬೆರಳಿನ ತೇವಕ್ಕೂ ಅಳಿಸುತ್ತದೆ. ಅಳಿಸಿ ಬೇರೆ ಹೆಸರು ಅಚ್ಚು ಹಾಕುವುದೂ ಕಷ್ಟವಲ್ಲ. ಮಲ್ಲಾರ್ಡ್, ಫಿಲಿಪ್ಸ್ ಬಳಗದ ವಾಲ್ವ್‌ಗಳ ಗಾಜಿನ ಬುಡದ ಬಳಿ ಎರಡು ಸಾಲಿನ ಸಣ್ಣ ಕೆತ್ತನೆಯೊಂದಿರುತ್ತದೆ, ಅದನ್ನು ನಕಲು ಮಾಡುವುದು ಸುಲಭವಲ್ಲ. ಮೇಲಿನ ಸಾಲು ವಾಲ್ವ್‌ನ ಬಗೆಯನ್ನೂ ಅದರ ಆವೃತ್ತಿಯನ್ನೂ ಸೂಚಿಸುತ್ತದೆ. ಕೆಳಗಿನ ಸಾಲು ‘ಬಿ’ ಅಕ್ಷರದಿಂದ ಆರಂಭವಾದರೆ ಅದು ಲ್ಯಾಂಕಶೈರಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದು. ನಂತರದ ಅಂಕಿ ಇಸವಿಯ ಕೊನೆಯ ಅಂಕಿ, ಆಮೇಲಿನ ಅಕ್ಷರ ತಿಂಗಳು, ಕೊನೆಯ ಅಂಕಿ ವಾರ. ನನ್ನ ಮಲ್ಲಾರ್ಡಿನ ಬುಡವನ್ನು ಟಾರ್ಚ್ ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದಾಗ ‘ಬಿ5ಕೆ2’ ಎಂಬ ಕೆತ್ತನೆ ಕಂಡಿತು: ಬ್ಲ್ಯಾಕ್‌ಬರ್ನ್, 5ರಲ್ಲಿ ಕೊನೆಗೊಳ್ಳುವ ವರ್ಷ, ನವೆಂಬರ್, ಎರಡನೆಯ ವಾರ. ಇಂದು ಅಂಗಡಿಯಲ್ಲಿ ಹೊಸದಾಗಿ ಸಿಗುವ ಮಲ್ಲಾರ್ಡ್ ಎಂಬ ಹೆಸರಿನ ವಾಲ್ವ್ ಬ್ಲ್ಯಾಕ್‌ಬರ್ನಿನದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆ ಹೆಸರಿನ ಹಕ್ಕು ಈಗ ಅಮೆರಿಕದ ನ್ಯೂ ಸೆನ್ಸರ್ ಕಂಪನಿಯ ಬಳಿ ಇದೆ, ವಾಲ್ವ್ ತಯಾರಾಗುವುದು ರಷ್ಯದ ಸರಾತೊವ್ ನಗರದಲ್ಲಿ. ಸೊವ್‌ಟೆಕ್, ಎಲೆಕ್ಟ್ರೊ-ಹಾರ್ಮೊನಿಕ್ಸ್, ಟಂಗ್‌ಸಾಲ್ ಹೆಸರಿನವೂ ಅಲ್ಲಿಂದಲೇ ಹೊರಡುತ್ತವೆ. ಅವು ಕೆಟ್ಟ ವಾಲ್ವ್‌ಗಳು ಎಂದು ಇದರ ಅರ್ಥವಲ್ಲ. ಹೆಸರಿಗಾಗಿ ಹೆಚ್ಚು ಹಣ ಕೊಡುವವರು ತಾವು ಏನನ್ನು ಕೊಳ್ಳುತ್ತಿದ್ದೇವೆಂದು ತಿಳಿದಿರಬೇಕು.

ಸಾಕೆಟ್ಟಿಗೆ ಹಾಕುವ ಮುನ್ನ ಹಳೆಯ ವಾಲ್ವ್‌ಗಳ ನೆತ್ತಿಯನ್ನು ನೋಡಿದೆ. ಒಳಗೆ ಉಳಿದ ಅನಿಲವನ್ನು ಹೀರಲು ಲೇಪಿಸಿದ ಬೇರಿಯಂ ಅಲ್ಲಿ ಕನ್ನಡಿಯಂತೆ ಬೆಳ್ಳಗೆ ಹೊಳೆಯಬೇಕು. ಹೊಳಪು ಹೋಗಿ ಸುಣ್ಣದ ಬಿಳುಪಿಗೆ ತಿರುಗಿದ್ದರೆ ಗಾಳಿ ಒಳಹೊಕ್ಕಿದೆ, ಆ ವಾಲ್ವ್ ಮುಗಿದಂತೆಯೇ. ಪಿನ್ನುಗಳಿಗೆ ಹತ್ತಿದ ಕಪ್ಪನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದೆ. ಪಿನ್ನು ಗಾಜನ್ನು ಸೇರುವ ಕಡೆ ಒತ್ತಡ ಬಿದ್ದರೆ ಕೂದಲೆಳೆಯಷ್ಟು ಸಣ್ಣ ಬಿರುಕು ಮೂಡುತ್ತದೆ, ಆದ್ದರಿಂದ ಬ್ರಷ್ಷನ್ನು ಬುಡದಿಂದ ತುದಿಯ ಕಡೆಗಷ್ಟೇ ಎಳೆಯುವುದು ಕ್ಷೇಮ.

ವಾಲ್ವ್‌ಗಳ ಹೋಲಿಕೆಗಿಂತ ಮೊದಲು ಇತ್ಯರ್ಥವಾಗಬೇಕಾದ ವಿಷಯವೊಂದಿತ್ತು: ಕ್ಯಾಥೋಡನ್ನು ಕಾಯಿಸುವ ಹೀಟರ್ ತಂತಿಯ ವೋಲ್ಟೇಜ್. ಐದೂ ವಾಲ್ವ್‌ಗಳ ಹೀಟರ್‌ಗೆ 6.3 ವೋಲ್ಟ್ ಬೇಕು. ಇಸಿಸಿ83 ಒಂದಕ್ಕೆ 0.3 ಆಂಪಿಯರ್, ಇಎಲ್84 ಒಂದಕ್ಕೆ 0.76, ಇಜೆಡ್81ಕ್ಕೆ 1 ಆಂಪಿಯರ್, ಒಟ್ಟು 3.12 ಆಂಪಿಯರ್. ನಮ್ಮ ಮನೆಯ ಗೋಡೆಯ ಸಾಕೆಟ್ಟಿನಲ್ಲಿ ಹಗಲು 238 ವೋಲ್ಟ್ ಇರುತ್ತದೆ, ರಾತ್ರಿ ಅದಕ್ಕಿಂತ ಮೇಲೇರುತ್ತದೆ. ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಟ್ಯಾಪಿಗೆ (ಆ ವೋಲ್ಟೇಜಿಗೆಂದು ಸುರುಳಿಯಿಂದ ಹೊರತೆಗೆದ ತುದಿಗೆ) ಜೋಡಿಸಿದಾಗ ಹೀಟರಿನಲ್ಲಿ 6.6 ವೋಲ್ಟ್, ಇಎಲ್84ರ ಆನೋಡಿನಲ್ಲಿ 335 ವೋಲ್ಟ್ ಸಿಕ್ಕಿತು. ಹೀಟರ್ ವೋಲ್ಟೇಜಿಗೆ ಸಾಮಾನ್ಯವಾಗಿ ಒಪ್ಪುವ ಶೇಕಡ 5ರ ಮಿತಿಯ ಅಂಚು ಅದು; ಆನೋಡಿನ 300 ವೋಲ್ಟ್ ಮಿತಿಯನ್ನಂತೂ ದಾಟಿಯೇ ಇತ್ತು. 240 ವೋಲ್ಟಿನ ಟ್ಯಾಪಿಗೆ ಬದಲಿಸಿದ ಕೂಡಲೇ ಹೀಟರ್ 6.32 ವೋಲ್ಟಿಗೂ ಆನೋಡ್ 322ರ ಆಸುಪಾಸಿಗೂ ಇಳಿದವು. ಇಂಗ್ಲೆಂಡಿನ ಹಳೆಯ ಆಂಪ್ಲಿಫೈಯರ್‌ಗಳನ್ನು ನಮ್ಮ ಊರಿನಲ್ಲಿ ಕಟ್ಟುವವರು ಈ ಒಂದು ತಂತಿಯನ್ನು ಸರಿಯಾದ ಟ್ಯಾಪಿಗೆ ಬೆಸೆದರೆ, ಯಾವ ದುಬಾರಿ ವಾಲ್ವ್ ಕೊಂಡರೂ ಸಿಗದಷ್ಟು ಬಾಳಿಕೆ ಅವರ ವಾಲ್ವ್‌ಗಳಿಗೆ ಸಿಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚಾಸಿ (ಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟು) ತೆರೆದಿಟ್ಟು ಅಳೆಯುವವರಿಗೆ ಒಂದು ಮಾತು: ಇಲ್ಲಿರುವ ಡಿಸಿ ಕೊಲ್ಲಬಲ್ಲದು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳನ್ನು ರೆಸಿಸ್ಟರಿನ ಮೂಲಕ ಬರಿದು ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಬಳಿಕವೇ ಒಳಗೆ ಕೈಹಾಕಬೇಕು.

ಔಟ್‌ಪುಟ್ ಹಂತದಲ್ಲಿ ನನಗೆ ಬೇಕಾಗಿದ್ದ ಉತ್ತರ ಅತ್ಯಂತ ಸ್ಪಷ್ಟವಾಗಿ ದೊರೆಯಿತು. ಮೂರು ಜೋಡಿಗಳನ್ನೂ ಒಂದೇ 130 ಓಮಿನ ಕ್ಯಾಥೋಡ್ ರೆಸಿಸ್ಟರಿನ ಮೇಲೆ ಓಡಿಸಿದಾಗ ಜೆಜೆ ಜೋಡಿಯಲ್ಲಿ ಪ್ರತಿ ವಾಲ್ವ್‌ಗೆ ಸರಾಸರಿ 43 ಮಿಲಿಆಂಪಿಯರ್, ಸೊವ್‌ಟೆಕ್‌ನಲ್ಲಿ 39, ಬಿಇಎಲ್‌ನಲ್ಲಿ 37 ಹರಿಯಿತು. ಜೆಜೆ ಜೋಡಿಯ ಲೆಕ್ಕ ಹೀಗಿದೆ: ಕ್ಯಾಥೋಡಿನಲ್ಲಿ 11.2 ವೋಲ್ಟ್, ಆನೋಡ್ ಮತ್ತು ಕ್ಯಾಥೋಡ್ ನಡುವೆ ಸುಮಾರು 307 ವೋಲ್ಟ್, ಸ್ಕ್ರೀನ್ ಗ್ರಿಡ್ (ಆನೋಡಿಗೂ ಮೊದಲ ಗ್ರಿಡ್ಡಿಗೂ ನಡುವಿನ ಎರಡನೆಯ ಗ್ರಿಡ್) ಎಳೆದುಕೊಳ್ಳುವ ಪಾಲು ಕಳೆದರೆ ಆನೋಡಿಗೆ 40.5 ಮಿಲಿಆಂಪಿಯರ್, ಅಂದರೆ 12.4 ವಾಟ್. ಇಎಲ್84ರ ಆನೋಡ್ ತಾಳಬಲ್ಲದ್ದು 12 ವಾಟ್. ಬಿಇಎಲ್ ಜೋಡಿ ಅದೇ ರೆಸಿಸ್ಟರಿನ ಮೇಲೆ 11 ವಾಟಿನಲ್ಲಿತ್ತು. ಗಿಟಾರ್ ನುಡಿಸುವ ಗೆಳೆಯರೊಬ್ಬರನ್ನು ಕೂರಿಸಿ, ಯಾವುದು ಯಾವ ಜೋಡಿಯೆಂದು ಹೇಳದೆ ನುಡಿಸಲು ಕೇಳಿಕೊಂಡೆ. ಜೆಜೆಯ ಧ್ವನಿ ದಪ್ಪ ಮತ್ತು ಬೇಗ ಒಡೆಯುವಂಥದ್ದು (ಡಿಸ್ಟಾರ್ಟ್ ಆಗುವಂಥದ್ದು), ಬಿಇಎಲ್‌ನದು ತಿಳಿಯಾದದ್ದು, ತಂತಿ ಮೀಟಿದ ಮೊದಲ ಪೆಟ್ಟು ಹೆಚ್ಚು ಸ್ಪಷ್ಟ ಎಂದರು. ಹಳೆಯ ವಾಲ್ವ್‌ಗಳ ಬಗೆಗೆ ಎಲ್ಲರೂ ಹೇಳುವುದು ಅದೇ ಮಾತು.

ಅಲ್ಲಿಗೇ ನಿಲ್ಲಿಸಿದ್ದರೆ ಹಳೆಯದರ ಹಿರಿಮೆ ಸಾಬೀತಾಯಿತೆಂದು ಒಪ್ಪಬಹುದಿತ್ತು. ಆದರೆ ಆ ಜೋಡಿಗಳ ನಡುವೆ ವಿದ್ಯುತ್ ಹರಿವಿನ ವ್ಯತ್ಯಾಸವೂ ಇತ್ತಲ್ಲ. ಆದ್ದರಿಂದ ಪ್ರತಿ ಜೋಡಿಗೂ ಪ್ರತ್ಯೇಕ ಕ್ಯಾಥೋಡ್ ರೆಸಿಸ್ಟರ್ ಆರಿಸಿ, ಮೂರರಲ್ಲಿಯೂ ಪ್ರತಿ ವಾಲ್ವ್‌ಗೆ ಸರಿಯಾಗಿ 35 ಮಿಲಿಆಂಪಿಯರ್ ಹರಿಯುವಂತೆ ಮಾಡಿದೆ. ಜೆಜೆಗೆ ಸುಮಾರು 173 ಓಮ್, ಸೊವ್‌ಟೆಕ್‌ಗೆ 150, ಬಿಇಎಲ್‌ಗೆ 140 ಬೇಕಾಯಿತು. ಮತ್ತೆ ಅದೇ ಗಿಟಾರ್, ಅದೇ ವಾಲ್ಯೂಮ್, ಮೈಕ್ ಇಟ್ಟ ಜಾಗವೂ ಅದೇ. ಧ್ವನಿಮುದ್ರಿಸಿ ಕೇಳಿದಾಗ ಆ ಗೆಳೆಯರಿಗಾಗಲಿ ನನಗಾಗಲಿ ಜೋಡಿಗಳನ್ನು ಬೇರ್ಪಡಿಸಿ ಗುರುತಿಸಲು ಆಗಲಿಲ್ಲ. ವಾಲ್ವ್‌ನ ವಯಸ್ಸಿನದೆಂದು ನಾವು ಎಣಿಸುವ ಗುಣದ ಬಹುಪಾಲು ಅದು ಬಯಾಸ್‌ನಲ್ಲಿ ಎಲ್ಲಿ ನಿಂತಿದೆ ಎಂಬುದರ ಗುಣ. ಬಯಾಸ್ ಸರಿಪಡಿಸದೆ ಮಾಡುವ ವಾಲ್ವ್ ಹೋಲಿಕೆಗಳು ಎರಡು ವಾಲ್ವ್‌ಗಳನ್ನಲ್ಲ, ಎರಡು ಬಯಾಸ್‌ಗಳನ್ನು ಹೋಲಿಸುತ್ತಿರುತ್ತವೆ.

ಧ್ವನಿ ಸಮವೆಂದಾದ ಮೇಲೆ ಉಳಿಯುವುದು ತಾಳಿಕೆಯ ಪ್ರಶ್ನೆ. ಬಿಇಎಲ್‌ನ ಒಂದು ಇಎಲ್84 ಇಲ್ಲಿ ತನ್ನ ದೋಷವನ್ನು ತೋರಿಸಿತು. ಔಟ್‌ಪುಟ್ ವಾಲ್ವ್‌ನ ಗ್ರಿಡ್ಡಿನಿಂದ ನೆಲಕ್ಕೆ 470 ಕಿಲೋಓಮಿನ ರೆಸಿಸ್ಟರ್ ಇದೆ. ಸಿಗ್ನಲ್ ಇಲ್ಲದಾಗ ಅದರ ಮೇಲೆ ವೋಲ್ಟೇಜ್ ಇರಬಾರದು. ಮೀಟರ್ ಹಚ್ಚಿಟ್ಟು ನೋಡುತ್ತಿದ್ದಂತೆ ಒಂದು ವಾಲ್ವ್‌ನಲ್ಲಿ 20 ಮಿಲಿವೋಲ್ಟ್ ಕಂಡು ಅಲ್ಲೇ ನಿಂತಿತು. ಇನ್ನೊಂದರಲ್ಲಿ 100 ಮಿಲಿವೋಲ್ಟಿನಿಂದ ಆರಂಭವಾಗಿ, ಗಾಜು ಬಿಸಿಯಾದಂತೆ 400, 800 ಎಂದು ಏರುತ್ತ 1.3 ವೋಲ್ಟ್ ತಲುಪಿತು. 2.8 ಮೈಕ್ರೊಆಂಪಿಯರಿನಷ್ಟು ಗ್ರಿಡ್ ಕರೆಂಟ್ ಅದು. ಒಳಗೆ ಉಳಿದ ಅನಿಲದ ಕಣಗಳು ಅಯಾನುಗಳಾಗಿ ಗ್ರಿಡ್ಡಿನತ್ತ ಸಾಗುತ್ತವೆ, ಗ್ರಿಡ್ಡಿನ ವೋಲ್ಟೇಜ್ ಧನದ (ಪ್ಲಸ್) ಕಡೆಗೆ ಸರಿಯುತ್ತದೆ, ಆನೋಡ್ ಕರೆಂಟ್ ಹೆಚ್ಚುತ್ತದೆ, ಬಿಸಿ ಹೆಚ್ಚುತ್ತದೆ, ಬಿಸಿಗೆ ಇನ್ನಷ್ಟು ಅನಿಲ ಹೊರಬರುತ್ತದೆ. ಕೊನೆಗೆ ಆನೋಡ್ ಕೆಂಪಗಾಗಿ ವಾಲ್ವ್ ತಾನೂ ಹಾಳಾಗಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೂ ಹಾಳುಮಾಡಬಲ್ಲದು. ಇಎಲ್84ರ ಗ್ರಿಡ್ ರೆಸಿಸ್ಟರ್ ಕ್ಯಾಥೋಡ್ ಬಯಾಸ್‌ನಲ್ಲಿ 1 ಮೆಗಾಓಮ್‌ವರೆಗೆ ಇರಬಹುದು, ಬೇರೆ ಮೂಲದಿಂದ ವೋಲ್ಟೇಜ್ ಕೊಡುವ ಫಿಕ್ಸೆಡ್ ಬಯಾಸ್‌ನಲ್ಲಿ 300 ಕಿಲೋಓಮ್ ದಾಟಬಾರದು ಎಂದು ಡೇಟಾಶೀಟ್ ವಿಧಿಸುವುದು ಈ ಕಾರಣಕ್ಕೇ. ಎಮಿಷನ್ (ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಹೊರಸೂಸುವ ಶಕ್ತಿ) ಮಾತ್ರ ನೋಡುವ ಟೆಸ್ಟರಿನಲ್ಲಿ ಈ ವಾಲ್ವ್ ಹೊಸದರಂತೆ ಉತ್ತೀರ್ಣವಾಗುತ್ತಿತ್ತು. ದಶಕಗಳ ಕಾಲ ಪೆಟ್ಟಿಗೆಯಲ್ಲಿ ಕೂತ ವಾಲ್ವ್‌ಗಳಿಗೆ ಗ್ರಿಡ್ ವೋಲ್ಟೇಜಿನ ಈ ಪರೀಕ್ಷೆಯನ್ನು ತಪ್ಪದೆ ಮಾಡಬೇಕು, ಮತ್ತು ವಾಲ್ವ್ ಪೂರ್ತಿ ಬಿಸಿಯಾಗುವವರೆಗೂ ಮೀಟರನ್ನು ತೆಗೆಯಬಾರದು.

ಉಳಿದ ಬಿಇಎಲ್ ಇಎಲ್84ಗಳು ಆರೋಗ್ಯವಾಗಿದ್ದವು. ಆದರೂ ಅವುಗಳನ್ನು ಈ ಆಂಪ್ಲಿಫೈಯರಿನಲ್ಲಿ ಉಳಿಸಲಿಲ್ಲ. ಗಿಟಾರ್ ಆಂಪ್ಲಿಫೈಯರ್ ಪೂರ್ತಿ ಒಡೆದ ಧ್ವನಿಯಲ್ಲಿ ಓಡುವಾಗ ಸ್ಕ್ರೀನ್ ಗ್ರಿಡ್ ತನ್ನ 2 ವಾಟಿನ ಮಿತಿಯನ್ನು ಸುಲಭವಾಗಿ ಮೀರುತ್ತದೆ, ಆನೋಡ್ ವೋಲ್ಟೇಜ್ ಮೊದಲೇ ಮಿತಿಗಿಂತ ಮೇಲಿದೆ, ಪೆಟ್ಟಿಗೆಯೊಳಗಿನ ಬಿಸಿಗೆ ಹೋಗಲು ದಾರಿ ಕಡಿಮೆ. ಹೀಗೆ ಬಳಸಿದ ಔಟ್‌ಪುಟ್ ವಾಲ್ವ್ ಸವೆದುಹೋಗುವ ವಸ್ತು. ಸವೆಯುವ ಜಾಗಕ್ಕೆ ಮತ್ತೆಂದೂ ತಯಾರಾಗದ ವಸ್ತುವನ್ನು ಹಾಕುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಸೊವ್‌ಟೆಕ್ ಇಎಲ್84ಎಂ ಸೋವಿಯತ್ ಕಾಲದ ಗಟ್ಟಿಮುಟ್ಟಾದ 6ಪಿ14ಪಿ-ಇವಿ ವಾಲ್ವ್‌ನ ಪರಂಪರೆಯದು. ಹೆಚ್ಚಿನ ವೋಲ್ಟೇಜ್ ತಾಳುವ ಅಮೆರಿಕನ್ 7189ರ ಜಾಗಕ್ಕೂ ಅದನ್ನು ಬಳಸುವವರಿದ್ದಾರೆ. ಆ ಜೋಡಿಯನ್ನು 150 ಓಮಿನ ರೆಸಿಸ್ಟರಿನ ಮೇಲೆ ಶಾಶ್ವತವಾಗಿ ಕೂರಿಸಿ, ಪ್ರತಿ ಸ್ಕ್ರೀನಿಗೂ 1 ಕಿಲೋಓಮ್, 5 ವಾಟಿನ ರೆಸಿಸ್ಟರ್ ಸೇರಿಸಿದೆ. ಈಗ ಕ್ಯಾಥೋಡಿನಲ್ಲಿ 10.6 ವೋಲ್ಟ್ ಇದೆ, ಆನೋಡಿನ ಮೇಲಿನ ಹೊರೆ ಸುಮಾರು 10.4 ವಾಟ್.

ಹೊಸ ವಾಲ್ವ್ ಎಂದರೆ ಎಂದೂ ಸಿಗುತ್ತದೆ ಎಂಬ ಭರವಸೆಯೂ ಪೂರ್ತಿ ಸರಿಯಲ್ಲ. 2022ರ ಮಾರ್ಚ್‌ನಲ್ಲಿ ರಷ್ಯ ರಫ್ತಿಗೆ ತಡೆ ಹಾಕಿದಾಗ ಸರಾತೊವ್‌ನ ವಾಲ್ವ್‌ಗಳು ಕೆಲಕಾಲ ನಿಂತುಹೋದವು, ಬೆಲೆಗಳು ಏರಿದವು. ಜಗತ್ತಿನಲ್ಲಿ ಗಿಟಾರ್ ಆಂಪ್ಲಿಫೈಯರ್‌ಗಳಿಗೆ ವಾಲ್ವ್ ಒದಗಿಸುವ ದೊಡ್ಡ ಕಾರ್ಖಾನೆಗಳು ರಷ್ಯ, ಸ್ಲೊವಾಕಿಯ, ಚೀನಗಳಲ್ಲಿ ಬೆರಳೆಣಿಕೆಯಷ್ಟೇ ಇವೆ. ಹೀಗಾಗಿ ಒಂದು ಹೆಚ್ಚುವರಿ ಜೋಡಿಯನ್ನು ಕೊಂಡಿಟ್ಟುಕೊಂಡೆ.

ಮೊದಲ ಹಂತದ ಕಥೆ ಬೇರೆ. ಇಸಿಸಿ83ರ ವರ್ಧನಾಂಕ 100, ಆಂತರಿಕ ರೋಧ 62.5 ಕಿಲೋಓಮ್, 100 ಕಿಲೋಓಮಿನ ಆನೋಡ್ ರೆಸಿಸ್ಟರ್ ಇದ್ದಾಗ ಗಿಟಾರಿನ ಸಿಗ್ನಲ್ ಇಲ್ಲಿ ಅರವತ್ತು ಪಟ್ಟು ಹಿಗ್ಗುತ್ತದೆ. ವಾಲ್ವ್‌ನ ಸ್ವಂತ ಸದ್ದೂ ಕಂಪನವೂ ಅದರ ಜೊತೆಗೇ ಮುಂದಕ್ಕೆ ಸಾಗಿ ಮುಂದಿನ ಎಲ್ಲ ಹಂತಗಳಲ್ಲಿ ಬೆಳೆಯುತ್ತವೆ. ಇಲ್ಲಿ ವಾಲ್ವ್ ಹೆಚ್ಚು ಬಿಸಿಯಾಗುವುದಿಲ್ಲ, ಕರೆಂಟ್ 1 ಮಿಲಿಆಂಪಿಯರಿನ ಆಸುಪಾಸಿನಲ್ಲಿರುತ್ತದೆ, ಒಳ್ಳೆಯದೊಂದು ಸಿಕ್ಕಿದರೆ ಹಲವು ವರ್ಷ ಬದಲಿಸುವ ಪ್ರಮೇಯವಿಲ್ಲ. ಹಳೆಯ ವಾಲ್ವ್‌ಗೆ ಹಣ ಹಾಕುವುದಾದರೆ ಈ ಸಾಕೆಟ್ಟಿಗೆ ಮಾತ್ರ ಹಾಕಬೇಕು.

ಇನ್‌ಪುಟ್ಟನ್ನು ನೆಲಕ್ಕೆ ಜೋಡಿಸಿ, ವಾಲ್ಯೂಮ್ ಪೂರ್ತಿ ತೆರೆದು, 8 ಓಮ್ ಲೋಡಿನ ಮೇಲೆ ಉಳಿಯುವ ಸದ್ದನ್ನು ಅಳೆದೆ. ಮಲ್ಲಾರ್ಡ್ 5 ಮಿಲಿವೋಲ್ಟ್, ಜೆಜೆ 6. ಬಿಇಎಲ್‌ನವು ಒಂದಕ್ಕೊಂದು ಹೊಂದಲಿಲ್ಲ. ಒಂದು 9 ಮಿಲಿವೋಲ್ಟಿನ ಜೊತೆಗೆ ಆಗಾಗ ಚಿಟಪಟ ಎನ್ನುತ್ತಿತ್ತು, ಮತ್ತೊಂದು 6ರಲ್ಲಿ ನಿಶ್ಶಬ್ದವಾಗಿತ್ತು. ನಂತರ ಪೆನ್ಸಿಲಿನ ಹಿಂಬದಿಯ ರಬ್ಬರಿನಿಂದ ಗಾಜನ್ನು ಮೆಲ್ಲಗೆ ತಟ್ಟಿದೆ. ಜೆಜೆಯ ಆನೋಡ್ ಫಲಕಗಳು ಗಿಡ್ಡ, ಅದು ಬರಿಯ ‘ಟಕ್’ ಎಂದಿತು. ಮಲ್ಲಾರ್ಡ್ ತಟ್ಟಿದ ಮೇಲೂ ‘ಟಿಣ್’ ಎಂದು ಮೊಳಗುತ್ತ ಉಳಿಯಿತು. ಮೇಜಿನ ಮೇಲೆ ಇದೊಂದು ಕೊರತೆಯೆನಿಸುವುದಿಲ್ಲ. ಪೆಟ್ಟಿಗೆಗೆ ಸೇರಿಸಿ ಸ್ಪೀಕರ್ ಅದರ ಪಕ್ಕದಲ್ಲೇ ನಡುಗತೊಡಗಿದಾಗ, ವಾಲ್ಯೂಮ್ 7 ದಾಟಿದ ಕೂಡಲೇ ಕೆಲವು ಸ್ವರಗಳ ಹಿಂದೆ ಸಣ್ಣ ಲೋಹದ ಕೂಗು ಸೇರಿಕೊಳ್ಳತೊಡಗಿತು. ಸಿಲಿಕೋನ್ ಉಂಗುರ ತೊಡಿಸಿದರೆ ಸ್ವಲ್ಪ ತಗ್ಗಿತು, ಹೋಗಲಿಲ್ಲ. ಸ್ಪೀಕರ್ ಬೇರೆ ಪೆಟ್ಟಿಗೆಯಲ್ಲಿರುವ ಹೆಡ್ ಆಗಿದ್ದರೆ ಇದೇ ಮಲ್ಲಾರ್ಡನ್ನು ಯೋಚಿಸದೆ ಉಳಿಸಿಕೊಳ್ಳುತ್ತಿದ್ದೆ. ಅದರ ಮೇಲಿನ ಸ್ವರಗಳಲ್ಲಿ ಒರಟು ಕಡಿಮೆ, ಲೆವೆಲ್ ಸಮ ಮಾಡಿ ಕೇಳಿದಾಗಲೂ ಆ ಅಂತರ ಸಣ್ಣದಾಯಿತೇ ಹೊರತು ಮಾಯವಾಗಲಿಲ್ಲ. ಈ ಕಾಂಬೊಗೆ ನಿಶ್ಶಬ್ದವಾದ ಆ ಬಿಇಎಲ್ ಇಸಿಸಿ83 ಆಯ್ಕೆಯಾಯಿತು: ತಟ್ಟಿದರೆ ಮೊಳಗುವುದಿಲ್ಲ, ಧ್ವನಿ ಮಲ್ಲಾರ್ಡಿಗೆ ಹತ್ತಿರ. ಜಾಲಹಳ್ಳಿಯಲ್ಲಿ ತಯಾರಾದ ವಾಲ್ವ್ ಇದೇ ಊರಿನಲ್ಲಿ ಮತ್ತೆ ಕೆಲಸಕ್ಕೆ ಬಂದದ್ದು ನನಗೆ ನಿಜವಾಗಿ ಸಂತೋಷ ಕೊಟ್ಟಿತು.

ಉಳಿದಿದ್ದ ಹಮ್ ಸದ್ದಿಗೆ (ಎಸಿ ವಿದ್ಯುತ್ತಿನಿಂದ ಬರುವ ಗುಂಯ್‌ಗುಟ್ಟುವಿಕೆಗೆ) ವಾಲ್ವ್ ಬದಲಿಸುವುದು ಪರಿಹಾರವಲ್ಲ. ಹೀಟರ್ ವೈಂಡಿಂಗಿನ ನಡುವಿನ ಟ್ಯಾಪನ್ನು ನೆಲಕ್ಕೆ ಜೋಡಿಸುವ ಬದಲು ಇಎಲ್84ಗಳ ಕ್ಯಾಥೋಡಿಗೆ ಜೋಡಿಸಿದೆ. ಹೀಟರ್ 10 ವೋಲ್ಟಿನಷ್ಟು ಮೇಲಕ್ಕೆ ಹೋದದ್ದರಿಂದ ಅಲ್ಲಿಂದ ಕ್ಯಾಥೋಡಿಗೆ ಸೋರುವ ಹಮ್ ಬಹಳ ಇಳಿಯಿತು. ಮೊದಲ ಹಂತದ ವಾಲ್ವ್ ಹಮ್ ಮಾಡುತ್ತದೆಂದು ದೂರುವ ಮುನ್ನ ಈ ಒಂದು ತಂತಿಯನ್ನು ಬದಲಿಸಿ ನೋಡುವುದು ಒಳ್ಳೆಯದು.

ಫೇಸ್ ಇನ್ವರ್ಟರ್‌ಗೆ ಹೊಸ ಜೆಜೆ ಸಾಕು. ಅಲ್ಲಿ ಸಿಗ್ನಲ್ ಆಗಲೇ ದೊಡ್ಡದಾಗಿರುತ್ತದೆ, ವಾಲ್ವ್‌ನ ಸದ್ದು ಕೇಳುವುದಿಲ್ಲ. ಎರಡು ಅರ್ಧಗಳು ಒಂದಕ್ಕೊಂದು ಸಮವಾಗಿದ್ದರೆ ಸರಿ.

ರೆಕ್ಟಿಫೈಯರ್ ಸಾಕೆಟ್ಟಿನಲ್ಲಿ ಹಳೆಯದೇ ಉಳಿಯಿತು. ಕೆಟ್ಟುಹೋದ ರೇಡಿಯೊದಿಂದ ಬಿಚ್ಚಿದ ಫಿಲಿಪ್ಸ್ ಅಚ್ಚಿನ ಇಜೆಡ್81 ಅದು; ಪೂರ್ತಿ ಹೊರೆಯಲ್ಲಿಯೂ ಅದರ ಔಟ್‌ಪುಟ್ ವೋಲ್ಟೇಜ್ ಹೊಸದಕ್ಕಿಂತ ಗಮನಾರ್ಹವಾಗಿ ಕುಸಿಯಲಿಲ್ಲ. ರೇಡಿಯೊದಲ್ಲಿ ಕಡಿಮೆ ಹೊರೆ ಹೊತ್ತ ರೆಕ್ಟಿಫೈಯರ್‌ಗಳು ಅಗ್ಗವಾಗಿ ಸಿಗುತ್ತವೆ, ಆಯುಷ್ಯವೂ ಸಾಕಷ್ಟು ಉಳಿದಿರುತ್ತದೆ. ಮೊದಲ ಫಿಲ್ಟರ್ ಕೆಪಾಸಿಟರ್ 50 ಮೈಕ್ರೊಫ್ಯಾರಡ್ ಮೀರಬಾರದೆಂಬ ಮಿತಿಯನ್ನು ಮಾತ್ರ ಪಾಲಿಸಬೇಕು. ನಾನು 32 ಹಾಕಿದ್ದೇನೆ. ವಾಲ್ವ್ ಒಳಗೇ ಶಾರ್ಟ್ ಆದರೆ ಎಸಿ ನೇರವಾಗಿ ಕೆಪಾಸಿಟರಿಗೆ ಹರಿಯದಂತೆ ಪ್ರತಿ ಆನೋಡಿನ ದಾರಿಯಲ್ಲಿ ಒಂದು 1ಎನ್4007 ಡಯೋಡನ್ನು ಸೇರಿಸಿ, ಟ್ರಾನ್ಸ್‌ಫಾರ್ಮರಿನ ಎಚ್‌ಟಿ (ಹೆಚ್ಚಿನ ವೋಲ್ಟೇಜಿನ) ವೈಂಡಿಂಗಿನ ನಡುವಿನ ಟ್ಯಾಪಿನಲ್ಲಿ 250 ಮಿಲಿಆಂಪಿಯರಿನ ನಿಧಾನ ಫ್ಯೂಸ್ ಇಟ್ಟಿದ್ದೇನೆ. ಡಯೋಡ್ ಇದ್ದರೂ ವೋಲ್ಟೇಜ್ ನಿಧಾನವಾಗಿ ಏರುವ ವಾಲ್ವ್‌ನ ಗುಣ ಹಾಗೆಯೇ ಉಳಿಯುತ್ತದೆ.

ಗ್ರಿಡ್ ಪರೀಕ್ಷೆಯಲ್ಲಿ ಗೆದ್ದ ಬಿಇಎಲ್ ಇಎಲ್84ಗಳ ಪೆಟ್ಟಿಗೆಯ ಮೇಲೆ ಅವುಗಳ ಕರೆಂಟ್ ಬರೆದಿಟ್ಟಿದ್ದೇನೆ. ಅವು ವಾಲ್ವ್ ರೇಡಿಯೊಗಳ ದುರಸ್ತಿಗೆ ಮೀಸಲು. ಅಲ್ಲಿ ವೋಲ್ಟೇಜ್ ಮಿತಿಯೊಳಗಿರುತ್ತದೆ, ಯಾರೂ ಅವುಗಳನ್ನು ಒಡೆದ ಧ್ವನಿಗಾಗಿ ಒತ್ತುವುದಿಲ್ಲ. ಸೊವ್‌ಟೆಕ್ ಜೋಡಿಯ ಕ್ಯಾಥೋಡ್ ವೋಲ್ಟೇಜನ್ನು ಚಾಸಿಯ ಹಿಂದಿನ ಎರಡು ಪರೀಕ್ಷಾ ಬಿಂದುಗಳಲ್ಲಿ ಚಾಸಿ ಬಿಚ್ಚದೆಯೇ ಅಳೆಯಬಹುದು. ಗೋಡೆಯ ವೋಲ್ಟೇಜ್ 238ರ ಬಳಿ ಇರುವಾಗ ಈಗಿನ 10.6 ವೋಲ್ಟ್ 9.5ಕ್ಕೆ ಇಳಿದರೆ ಆ ಜೋಡಿಯನ್ನು ತೆಗೆದು ಹೆಚ್ಚುವರಿ ಜೋಡಿಯನ್ನು ಹಾಕುತ್ತೇನೆ.